ಟ್ರೈಲರ್ ಮೇಲೆ ಹೋಗಿದ್ದು ಟ್ಯಾಂಕಾ, ಬೇರೆ ಏನಾದರೂನಾ? ಕೆಜಿಎಫ್ ಕಡೆಯವರು ಹೇಳಿ

ಬಂಗಾರಪೇಟೆ ಟೀ ಅಂಗಡಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಬೆಳಿಗ್ಗೆ ಆರೂವರೆಗೆ ಕೆಜಿಎಫ್ ಕಡೆಯಿಂದ ಬಂದ ಉದ್ದನೆ ಟ್ರೈಲರ್ ಒಂದು ನಮ್ಮ ಅಂಗಡಿ ಮುಂದೆ ನಿಂತಿತ್ತು. ಮೇಲೆ ಟಾರ್ಪಾಲ್ ಹೊದಿಸಿ ಹಗ್ಗ ಬಿಗಿದಿದ್ದರು. ಒಂದು ಮೂಲೆಯಲ್ಲಿ ಟಾರ್ಪಾಲ್ ಗಾಳಿಗೆ ಎದ್ದಾಗ ಒಳಗೆ ಕಂಡಿದ್ದು ಇಷ್ಟು: ದಪ್ಪ ಚೈನು, ಹಸಿರು ಬಣ್ಣ, ಮಡಚಿಟ್ಟ ಕ್ರೇನ್ ತರಹದ ಒಂದು ಕೈ. ಫೋಟೋ ತೆಗೆಯೋಕೆ ಹೋದೆ, ಜೊತೆಯಲ್ಲಿದ್ದವರು ಬೇಡ ಅಂದರು, ಸುಮ್ಮನಾದೆ.

ನಮ್ಮ ಮಾವ ಅದು ಟ್ಯಾಂಕೇ ಅಂತಾರೆ. ಟ್ಯಾಂಕ್ ಅಂದ ಮೇಲೆ ತೋಪಿನ ನಳಿಗೆ ಇರಬೇಕಲ್ವಾ ಅಂತ ನಾನು. ಎರಡು ಪ್ಲೇಟ್ ಪಾನಿಪುರಿ ಬೆಟ್ ಕಟ್ಟಿದ್ದೀವಿ (ಬಂಗಾರಪೇಟೆ ಪಾನಿಪುರಿ ಸ್ವಾಮಿ, ತಮಾಷೆ ಅಲ್ಲ). ಕೆಜಿಎಫ್‌ನಲ್ಲಿರೋ ಸರ್ಕಾರಿ ಫ್ಯಾಕ್ಟರಿ ಬೆಮೆಲ್‌ನಲ್ಲಿ ನಿಜವಾಗ್ಲೂ ಟ್ಯಾಂಕ್ ಮಾಡ್ತಾರಾ? ಅಣ್ಣನ ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ, ಅಪ್ರೆಂಟಿಸ್‌ಗೆ ಹಾಕಬೇಕು ಅಂತಿದ್ದಾನೆ. ಅದಕ್ಕೂ ಯಾರಾದರೂ ದಾರಿ ಹೇಳಿ.

ಊರ್ಗಾಂ ಹಳಬ:
ಪಾನಿಪುರಿ ನಿಮ್ಮದೇ. ಟ್ಯಾಂಕ್ ಆಗೋದು ಚೆನ್ನೈ ಹತ್ತಿರದ ಆವಡಿಯಲ್ಲಿ. ಅದೂ ಸರ್ಕಾರದ್ದೇ ಫ್ಯಾಕ್ಟರಿ. ಟಿ-72, ಅರ್ಜುನ್ ಎಲ್ಲಾ ಅಲ್ಲಿಂದ. ನೀವು ಹೇಳೋದನ್ನು ನೋಡಿದರೆ ಇದು ರಿಕವರಿ ಗಾಡಿ. ಕೆಳಗಿನ ಚಾಸಿ ಟಿ-72ದೇ, ಅದಕ್ಕೇ ಟ್ಯಾಂಕ್ ಹಾಗೆ ಕಾಣುತ್ತೆ. ಮೇಲೆ ತೋಪು ಇರಲ್ಲ, ಕ್ರೇನ್ ಮತ್ತು ವಿಂಚ್ (ಹಗ್ಗ ಸುತ್ತಿ ಎಳೆಯೋ ಯಂತ್ರ) ಇರುತ್ತೆ. ಡಿಸೈನ್ ಪೋಲೆಂಡಿನದು, ಲೈಸೆನ್ಸ್ ತಗೊಂಡು ಬೆಮೆಲ್ ಇಲ್ಲಿ ಮಾಡಿತು.

ಕೆಲಸ ಏನು ಅಂದರೆ, ನಲವತ್ತು ಟನ್ ದಾಟಿದ ಟ್ಯಾಂಕ್ ಕೆಸರಲ್ಲಿ ಹೂತುಕೊಂಡರೆ ಎಳೆಯೋದು ಯಾರು? ಇದು. ಮುಂದೆ ಬುಲ್ಡೋಜರ್‌ಗೆ ಇರೋ ಹಾಗೆ ಒಂದು ಬ್ಲೇಡ್ ಇರುತ್ತಲ್ಲ, ಎಳೆಯುವಾಗ ಅದನ್ನು ನೆಲಕ್ಕೆ ಊರುತ್ತಾರೆ. ಹಗ್ಗ ಜಗ್ಗಾಟದಲ್ಲಿ ನಾವು ಹಿಮ್ಮಡಿ ಊರಿ ನಿಲ್ತೀವಲ್ಲ, ಹಾಗೆ. ಇಲ್ಲದಿದ್ದರೆ ಟ್ಯಾಂಕ್ ಬರೋ ಬದಲು ಇದೇ ಜಾರಿಕೊಂಡು ಅದರ ಹತ್ತಿರ ಹೋಗುತ್ತೆ.

ಟ್ರೈಲರ್ ಮೇಲೆ ಯಾಕೆ ಅಂದರೆ, ಚೈನ್ ಗಾಡಿ ಟಾರ್ ರಸ್ತೆ ಮೇಲೆ ಓಡಿದರೆ ರಸ್ತೆಯೂ ಹಾಳು, ಚೈನೂ ಸವೆಯುತ್ತೆ.

ಮಾಲೂರು ಮಂಜ:
ಹಳಬರೇ, ಒಂದು ಡೌಟು. ಸೇನೆಯ ದೊಡ್ಡ ದೊಡ್ಡ ಟಾಟ್ರಾ ಲಾರಿಗಳೂ ಬೆಮೆಲ್‌ದೇ ಅಲ್ವಾ? ಎಡಗಡೆ ಸ್ಟೀರಿಂಗ್ ಇರೋದು ನೋಡಿದ್ದೆ.

ಊರ್ಗಾಂ ಹಳಬ:
ಬೆಮೆಲ್‌ದೇ. 1986ರಲ್ಲಿ ಆಗಿನ ಜೆಕೊಸ್ಲೊವಾಕಿಯಾ ಜೊತೆ ಒಪ್ಪಂದ ಆಗಿ ಶುರುವಾಗಿದ್ದು, ಎಡಗಡೆ ಸ್ಟೀರಿಂಗ್ ಕೂಡ ಅಲ್ಲಿಂದಲೇ ಬಂದಿದ್ದು. ಆಮೇಲೆ ಕೇರಳದ ಪಾಲಕ್ಕಾಡ್ ಹತ್ತಿರ ಕಂಜಿಕೋಡ್‌ನಲ್ಲಿ ಬೇರೆ ಫ್ಯಾಕ್ಟರಿ ಮಾಡಿದರು, 2010ರಲ್ಲಿ. ಪಿನಾಕ ರಾಕೆಟ್, ಬ್ರಹ್ಮೋಸ್ ಕ್ಷಿಪಣಿ ಹೊರುವ ಗಾಡಿ ಟಾಟ್ರಾನೇ.

ಅದರ ಹೊಟ್ಟೆ ಕೆಳಗೆ ಒಂದ್ಸಲ ಬಗ್ಗಿ ನೋಡಬೇಕು ಗುರು. ನಮ್ಮ ಲಾರಿಗಳ ಹಾಗೆ ಏಣಿ ತರಹದ ಚಾಸಿ ಇಲ್ಲ. ನಡುವೆ ಒಂದೇ ದಪ್ಪ ಕೊಳವೆ, ನಮ್ಮ ಬೆನ್ನುಮೂಳೆ ಹಾಗೆ. ಚಕ್ರ ತಿರುಗಿಸುವ ಶಾಫ್ಟ್ ಅದರ ಒಳಗೇ ಓಡುತ್ತೆ, ಹಾಗಾಗಿ ಕಲ್ಲು ತಾಗಲ್ಲ, ಮಣ್ಣು ಮೆತ್ತಿಕೊಳ್ಳಲ್ಲ. ಒಂದೊಂದು ಚಕ್ರವೂ ತನ್ನ ಪಾಡಿಗೆ ಮೇಲೆ ಕೆಳಗೆ ಆಡುತ್ತೆ. ಎಂಜಿನ್ ತಣ್ಣಗಾಗೋದು ಗಾಳಿಯಿಂದ. ರೇಡಿಯೇಟರ್ ನೀರು ಇಲ್ಲ ಅಂದ ಮೇಲೆ ಲಡಾಖಿನಲ್ಲಿ ಹೆಪ್ಪುಗಟ್ಟೋ ಮಾತಿಲ್ಲ, ರಾಜಸ್ಥಾನದಲ್ಲಿ ಕುದಿಯೋ ಮಾತೂ ಇಲ್ಲ.

ಆದರೆ ಕೆಜಿಎಫ್ ಫ್ಯಾಕ್ಟರಿ ಅಂದರೆ ಬರೀ ಸೇನೆ ಅಂತ ತಿಳ್ಕೋಬೇಡಿ. ಇಲ್ಲಿ ಜಾಸ್ತಿ ಬುಲ್ಡೋಜರ್, ಎಕ್ಸ್‌ಕವೇಟರ್ ಆಗೋದು, ಕಲ್ಲಿದ್ದಲು ಗಣಿಗಳಿಗೆ. ಡಂಪರ್ ಮೈಸೂರಲ್ಲಿ, ಮೆಟ್ರೋ ಬೋಗಿ ಬೆಂಗಳೂರಲ್ಲಿ. 1964ರಲ್ಲಿ ಕಂಪನಿ ಹುಟ್ಟಿದಾಗಿನಿಂದ ರಕ್ಷಣಾ ಇಲಾಖೆ ಕೆಳಗೇ ಇದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಮೇಲೆ ಇಡೀ ಊರು ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗೋ ಕಾಲ ಬಂತು. ಊರಲ್ಲೇ ಉಳಿದ ದೊಡ್ಡ ಕೆಲಸ ಅಂದರೆ ಬೆಮೆಲ್ ಒಂದೇ.

ವೆಲ್ಡಿಂಗ್ ಕೋಲಾರ:
ಅಪ್ರೆಂಟಿಸ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಾನು ಬೆಮೆಲ್ ಒಳಗೆ ಕೆಲಸ ಮಾಡಿದವನಲ್ಲ. ಇಂಥ ಕಂಪನಿಗಳಿಗೆ ಬ್ರಾಕೆಟ್ ಗಿಕೆಟ್ ಮಾಡಿಕೊಡೋ ಒಂದು ಸಣ್ಣ ಶಾಪಿನಲ್ಲಿ 11 ವರ್ಷ ಇದ್ದೆ. ಅಣ್ಣನ ಮಗನಿಗೆ ಹೇಳಿ: ಅಪ್ರೆಂಟಿಸ್ ಆದ ತಕ್ಷಣ ಕೆಲಸ ಖಾಯಂ ಅಂತ ಇಲ್ಲ, ಕಾಯ್ದೆಯಲ್ಲೇ ಇಲ್ಲ. ಆದರೂ ಹಾಕಲಿ. ಕೊನೆಗೆ ಸಿಗೋ ಸರ್ಟಿಫಿಕೇಟ್ ಬೇರೆ ಕಡೆಯೂ ನಡೆಯುತ್ತೆ, ಕೈಯೂ ಪಳಗುತ್ತೆ.

ಕೈ ಪಳಗೋದು ಅಂದರೆ ಏನು ಅಂತ ಒಂದು ಕಥೆ ಹೇಳ್ತೀನಿ. ಒಂದು ಮಳೆಗಾಲ, ಅವಸರದಲ್ಲಿ ಪ್ಯಾಕೆಟ್ ಒಡೆದಿಟ್ಟಿದ್ದ ವೆಲ್ಡಿಂಗ್ ರಾಡ್‌ಗಳನ್ನ ಓವನ್‌ನಲ್ಲಿ ಕಾಯಿಸದೆ ಹಾಗೇ ಹಚ್ಚಿಬಿಟ್ಟೆ. ದಪ್ಪ ಪ್ಲೇಟು, ಅದನ್ನೂ ಗ್ಯಾಸ್ ಟಾರ್ಚ್‌ನಲ್ಲಿ ಸರಿಯಾಗಿ ಬಿಸಿ ಮಾಡಿರಲಿಲ್ಲ. ನೋಡೋಕೆ ವೆಲ್ಡ್ ಮೀನಿನ ಹುರುಪೆ ಹಾಗೆ ಅಚ್ಚುಕಟ್ಟಾಗಿತ್ತು. ಮಾರನೇ ದಿನ ಇನ್‌ಸ್ಪೆಕ್ಷನ್‌ನವರು ಬಂದು ಕೆಂಪು ಡೈ ಹೊಡೆದರು, ಸ್ವಲ್ಪ ಹೊತ್ತು ಬಿಟ್ಟು ಒರೆಸಿದರು, ಮೇಲೆ ಬಿಳಿ ಪೌಡರ್ ಸ್ಪ್ರೇ ಮಾಡಿದರು. ಎರಡು ನಿಮಿಷಕ್ಕೆ ಬಿಳಿ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಕ್ರ್ಯಾಕ್ ಒಳಗೆ ಇಳಿದಿದ್ದ ಡೈ ಅದು. ರಾಡು ಕುಡಿದ ತೇವ ಕ್ರ್ಯಾಕ್ ಬಿಡಿಸಿತ್ತು. 40 ಪೀಸು ರಿಜೆಕ್ಟ್. ಬೇರೆ ಯಾರ ತಪ್ಪೂ ಅಲ್ಲ, ನನ್ನದೇ. ಗ್ರೈಂಡರ್ ಹಿಡಿದು ಎಲ್ಲಾ ಕೆರೆದು ಮತ್ತೆ ಹಚ್ಚೋಕೆ ನಾಲ್ಕು ದಿನ ಹಿಡಿಯಿತು.

ಹುಡುಗ ಫಿಟ್ಟರ್ ಅಂದ್ರಿ, ಆದರೂ ವೆಲ್ಡಿಂಗ್ ಸ್ವಲ್ಪ ಕಲಿತುಕೊಳ್ಳಲಿ.

ಬಂಗಾರಪೇಟೆ ಟೀ ಅಂಗಡಿ:
ಎಲ್ಲರಿಗೂ ಥ್ಯಾಂಕ್ಸ್. ಹುಡುಗನಿಗೆ ಕೆಂಪು ಗೆರೆ ಕಥೆ ಓದಿ ಹೇಳಿದೆ, ನಾಳೆನೇ ಅಪ್ಲಿಕೇಷನ್ ಹಾಕ್ತಾನಂತೆ. ಮಾವನಿಗೂ ಓದಿ ಹೇಳಿದೆ. "ಚಾಸಿ ಟ್ಯಾಂಕಿಂದೇ ತಾನೇ? ಹಾಗಾದರೆ ಅರ್ಧ ನಾನು ಗೆದ್ದೆ" ಅಂತಿದ್ದಾರೆ. ಒಂದೊಂದು ಪ್ಲೇಟು ಅಂತ ರಾಜಿ ಆಗೋ ಹಾಗಿದೆ.

ಮಾಲೂರು ಮಂಜ:
ಅಣ್ಣ, ಅಡ್ರೆಸ್ ಹಾಕಿ, ತೀರ್ಪು ಕೊಡೋಕೆ ನಾನೂ ಬರ್ತೀನಿ.