ಸಹಾಯ ಬೇಕು: ಹಳೇ ಸ್ಯಾಟಲೈಟ್ ಲಾಗ್‌ಗಳನ್ನು ಎಲ್‌ಒಟಿಡಬ್ಲ್ಯೂಗೆ ಹಾಕಬೇಕು

ಎಲ್ಲರಿಗೂ ನಮಸ್ಕಾರ. ಎಒ-13, ಎಫ್‌ಒ-20 ಎಂಬ ಹ್ಯಾಮ್ ರೇಡಿಯೊ ಉಪಗ್ರಹಗಳ ಕಾಲದ ಕಾಗದದ ಲಾಗ್‌ಗಳನ್ನು (ಸಂಪರ್ಕಗಳ ದಾಖಲೆ) ಎಲ್‌ಒಟಿಡಬ್ಲ್ಯೂಗೆ, ಅಂದರೆ ಎರಡೂ ಕಡೆಯ ಲಾಗ್ ತಾಳೆ ನೋಡುವ ಆನ್‌ಲೈನ್ ವ್ಯವಸ್ಥೆಗೆ, ಹಾಕಲು ಎಡಿಐಎಫ್ (ಲಾಗ್ ವಿನಿಮಯದ ನಮೂನೆ) ಫೈಲ್ ಮಾಡುತ್ತಿದ್ದೇನೆ. ಪ್ರಾಪಗೇಶನ್ ಮೋಡ್ (ಸಿಗ್ನಲ್ ಸಾಗಿದ ದಾರಿ) ‘ಸ್ಯಾಟ್’ ಅಂತಲೂ ಇರಬೇಕು, ಉಪಗ್ರಹದ ಹೆಸರೂ ಇರಬೇಕು. ಇಲ್ಲದಿದ್ದರೆ ಆ ಕಡೆಯವರ ದಾಖಲೆಗೆ ತಾಳೆಯಾಗುವುದಿಲ್ಲ. ಅಲ್ಲಿಯವರೆಗೆ ಸರಿ.

ತಲೆನೋವು ಬ್ಯಾಂಡ್‌ನದ್ದು. ಪುಟದಲ್ಲಿ ‘ಎಒ-13, ಬಿ, ಎಸ್‌ಎಸ್‌ಬಿ, 59’ (ಉಪಗ್ರಹ, ಅದರ ಮೋಡ್, ಧ್ವನಿ ಪ್ರಸಾರದ ಬಗೆ, ಸಿಗ್ನಲ್ ವರದಿ) ಅಂತ ಮಾತ್ರ ಇದೆ. ಬಿ ಮೋಡ್ ಅಂದರೆ ಕಳಿಸುವುದು 70 ಸೆಂಟಿಮೀಟರ್‌ನಲ್ಲಿ, ಕೇಳುವುದು 2 ಮೀಟರ್‌ನಲ್ಲಿ. ಎಫ್‌ಒ-20ರ ಜೆ ಮೋಡ್ ಇದಕ್ಕೆ ಉಲ್ಟಾ. ಒಂದೊಂದೇ ಸಾಲನ್ನು ಕೈಯಲ್ಲಿ ತುಂಬುತ್ತಾ ಕೂತರೆ ಮುಗಿಯುವ ಕೆಲಸವಲ್ಲ, ಅಲ್ವಾ? ಮೋಡ್ ನೋಡಿ ಎರಡೂ ಬ್ಯಾಂಡ್ ಒಟ್ಟಿಗೆ ತುಂಬುವ ಸಾಫ್ಟ್‌ವೇರ್ ಅಥವಾ ಸ್ಪ್ರೆಡ್‌ಶೀಟ್ ಫಾರ್ಮುಲಾ ಯಾರ ಹತ್ತಿರವಾದರೂ ಇದೆಯಾ?

ಇನ್ನೊಂದು. ನಡುವೆ ಮನೆ ಬದಲಾಗಿ ಗ್ರಿಡ್ (ಸ್ಥಳ ಸೂಚಿಸುವ ಸಂಕೇತ) ಬೇರೆಯಾಯಿತು. ಟಿಕ್ಯೂಎಸ್‌ಎಲ್‌ನಲ್ಲಿ (ಎಲ್‌ಒಟಿಡಬ್ಲ್ಯೂಗೆ ಕಳಿಸುವ ಲಾಗ್‌ಗೆ ಡಿಜಿಟಲ್ ಸಹಿ ಹಾಕುವ ಸಾಫ್ಟ್‌ವೇರ್) ಎರಡು ಸ್ಟೇಷನ್ ಲೊಕೇಶನ್ ಮಾಡಿ, ಫೈಲ್ ಒಡೆದು ಬೇರೆ ಬೇರೆ ಸಹಿ ಹಾಕಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.