ಮನೆಯೊಳಗೆ ಬೆಳೆಸಿದ ಟೊಮೆಟೊ ಸಸಿ ಉದ್ದವಾಗಿ ಬಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ (ಬನಶಂಕರಿ, ಬೆಂಗಳೂರು): ನಮಸ್ಕಾರ ಸರ್. ನಮ್ಮದು ಮೂರನೇ ಮಹಡಿ. ಬಾಲ್ಕನಿಯಲ್ಲಿ ಪಾರಿವಾಳದ ಕಾಟ ಅಂತ ಟೊಮೆಟೊ ಬೀಜ ಹಾಕಿದ ಟ್ರೇಯನ್ನು ಅಡುಗೆಮನೆ ಕಿಟಕಿಯ ಒಳಗೆ ಇಟ್ಟಿದ್ದೇನೆ. ಬೀಜ ಚೆನ್ನಾಗಿ ಮೊಳೆಯಿತು. ಎರಡು ವಾರಕ್ಕೇ ಸಸಿ ಬೆರಳುದ್ದ ಆಗಿದೆ, ಆದರೆ ಕಾಂಡ ದಾರದಷ್ಟು ಸಣ್ಣ. ಎಲ್ಲವೂ ಕಿಟಕಿ ಕಡೆಗೆ ಬಾಗಿವೆ. ಎರಡು ಸಸಿ ಬುಡದಲ್ಲೇ ಮಡಚಿ ಬಿದ್ದವು. ಬೆಳಗ್ಗೆ ಸಂಜೆ ತಪ್ಪದೆ ನೀರು ಹಾಕ್ತಿದ್ದೇನೆ. ಗೊಬ್ಬರ ಕಮ್ಮಿ ಆಯ್ತಾ?

ಉತ್ತರ (ತರಕಾರಿ ಸಸಿ ನರ್ಸರಿ, ಚಿಂತಾಮಣಿ): ಮೇಡಂ, ಗೊಬ್ಬರದ ಸಮಸ್ಯೆ ಅಲ್ಲ. ಈಗ ಗೊಬ್ಬರ ಕೊಟ್ಟರೆ ಇನ್ನೂ ಉದ್ದ ಬೆಳೆಯುತ್ತದೆ, ಅಷ್ಟೇ. ನಿಮ್ಮ ಟ್ರೇಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸಸಿ ಉದ್ದವಾಗಿ ಬಾಗಿರುವುದು ಬೆಳಕು ಸಾಲದೆ. ಬುಡ ಮಡಚಿ ಬಿದ್ದಿರುವುದು ನೀರು ಜಾಸ್ತಿಯಾಗಿ.

ಅಡುಗೆಮನೆ ಕಿಟಕಿ ನಮ್ಮ ಕಣ್ಣಿಗೆ ಬೆಳಕಾಗೇ ಕಾಣುತ್ತದೆ. ಟೊಮೆಟೊ ಸಸಿಗೆ ಅದು ಏನೇನೂ ಸಾಲದು. ಬೆಚ್ಚಗಿದ್ದು ಬೆಳಕು ಕಮ್ಮಿ ಇದ್ದರೆ ಸಸಿ ಎಲೆ ಬಿಡುವುದು ಬಿಟ್ಟು ಬೆಳಕು ಹುಡುಕಿಕೊಂಡು ಉದ್ದ ಹೋಗುತ್ತದೆ. ಬೀಜ ಮೊಳೆಯುವ ತನಕ ಕತ್ತಲೆ ಇದ್ದರೂ ನಡೆಯುತ್ತದೆ, 25ರಿಂದ 30 ಡಿಗ್ರಿ ಬಿಸಿ ಸಿಕ್ಕರೆ ಸಾಕು. ಆದರೆ ಮೊಳಕೆ ಮಣ್ಣಿಂದ ತಲೆ ಎತ್ತಿದ ದಿನವೇ ಟ್ರೇ ಬೆಳಕಿಗೆ ಹೋಗಬೇಕು. ಒಂದೆರಡು ದಿನ ತಡವಾದರೂ ಕಾಂಡ ಸೋಲುತ್ತದೆ. ನಮ್ಮ ನರ್ಸರಿಯಲ್ಲಿ ಅತಿ ಹೆಚ್ಚು ಎಚ್ಚರ ಇರುವುದು ಆ ದಿನದ ಬಗ್ಗೆಯೇ.

ಟ್ರೇಯನ್ನು ಬಾಲ್ಕನಿಗೆ ತನ್ನಿ. ನಾಲ್ಕು ಕಡ್ಡಿ ನೆಟ್ಟು ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿ. 40 ಅಥವಾ 50 ಮೆಶ್ ಅಂತ ಕೇಳಿದರೆ ಕೊಡುತ್ತಾರೆ. ಪಾರಿವಾಳವೂ ಬರಲ್ಲ, ಬಿಳಿ ನೊಣವೂ ಬರಲ್ಲ. ಮನೆ ಒಳಗಿಂದ ಬಂದ ಸಸಿಗೆ ಮೊದಲ ದಿನವೇ ಪೂರ್ತಿ ಬಿಸಿಲು ಬೇಡ. ಬೆಳಗಿನ ಎಳೆ ಬಿಸಿಲು ಒಂದು ಗಂಟೆಯಿಂದ ಶುರು ಮಾಡಿ, ದಿನಾ ಸ್ವಲ್ಪ ಹೆಚ್ಚಿಸಿ.

ಇನ್ನು ಬಿದ್ದ ಸಸಿ. ಅದನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಎಲೆ ಹಸಿರಾಗೇ ಇರುತ್ತದೆ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ನೀರು ಹಿಡಿದ ಹಾಗೆ ಕಂದಾಗಿ, ಹಿಸುಕಿದಂತೆ ಸಣ್ಣಗಾಗಿರುತ್ತದೆ. ಇದು ಬುಡ ಕೊಳೆ, ಶಿಲೀಂಧ್ರದಿಂದ ಬರುವ ರೋಗ. ಮೇಲ್ಪದರ ಸದಾ ಒದ್ದೆ ಇದ್ದು ಗಾಳಿ ಆಡದಿದ್ದರೆ ಪಕ್ಕದ ಸಸಿಗೂ ಹಬ್ಬುತ್ತದೆ. ಬಿದ್ದವನ್ನು ಆ ಗುಳಿಯ ಮಣ್ಣಿನ ಸಮೇತ ತೆಗೆದು ಆಚೆ ಹಾಕಿ. ಮೇಲಿಂದ ನೀರು ಸುರಿಯಬೇಡಿ. ತಟ್ಟೆಯಲ್ಲಿ ನೀರಿಟ್ಟು ಟ್ರೇಯನ್ನು ಅದರಲ್ಲಿ ಹತ್ತು ನಿಮಿಷ ಕೂರಿಸಿ, ಆಮೇಲೆ ಎತ್ತಿಬಿಡಿ. ಮೇಲ್ಪದರದ ಬಣ್ಣ ತಿಳಿಯಾದ ಮೇಲೆ ಮತ್ತೆ ನೀರು. ಮುಂದಿನ ಸಲ ಬಿತ್ತುವಾಗ ಮಿಶ್ರಣಕ್ಕೆ ಸ್ವಲ್ಪ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಸೇರಿಸಿ.

ಅದೇ ಪ್ರಶ್ನೆಯಿಂದ ಮುಂದೆ: ಥ್ಯಾಂಕ್ಸ್ ಸರ್. ಉದ್ದ ಆದ ಸಸಿಗಳನ್ನು ಬಿಸಾಡಲಾ?

ಉತ್ತರ: ಬಿಸಾಡಬೇಡಿ ಮೇಡಂ. ಟೊಮೆಟೊ ಕಾಂಡವನ್ನು ಮಣ್ಣಲ್ಲಿ ಹೂತರೆ ಹೂತ ಜಾಗದಿಂದಲೇ ಹೊಸ ಬೇರು ಬರುತ್ತದೆ. ಬಲಿತ ಗಿಡದ ಬುಡದ ಹತ್ತಿರ ನೋಡಿದರೆ ಬಿಳಿ ಗಂಟು ಗಂಟು ಕಾಣುತ್ತದಲ್ಲ, ಅವೆಲ್ಲ ಬೇರಾಗಲು ಕಾದಿರುವ ಜಾಗಗಳು. ಮೊಳಕೆಯಲ್ಲೇ ಬರುವ ಬೀಜದೆಲೆ ಎರಡನ್ನು ಲೆಕ್ಕಕ್ಕೆ ಬಿಟ್ಟು, ನಿಜವಾದ ಎಲೆ ಎರಡು ಬಂದ ಮೇಲೆ ಒಂದೊಂದನ್ನೇ ಪೇಪರ್ ಕಪ್ಪಿಗೆ ಬದಲಿಸಿ. ಕಪ್ಪಿನ ತಳಕ್ಕೆ ತೂತು ಇರಲಿ. ಬೀಜದೆಲೆಯ ತನಕ ಕಾಂಡ ಒಳಗೆ ಹೋಗಲಿ. ಎತ್ತುವಾಗ ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ. ಕಾಂಡ ನಲುಗಿದರೆ ಸಸಿಯೇ ಹೋಯಿತು.

ದಿನಕ್ಕೆ ಒಂದೆರಡು ಸಲ ಸಸಿಗಳ ತಲೆ ಮೇಲೆ ಅಂಗೈ ಮೆಲ್ಲಗೆ ಆಡಿಸಿ. ಗಾಳಿಗೆ ಅಲುಗಾಡಿದ ಸಸಿ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಮನೆ ಒಳಗೆ ಗಾಳಿ ಇಲ್ಲವಲ್ಲ, ಅದಕ್ಕೆ ಈ ಕೆಲಸ. ಬೀಡಿ, ಸಿಗರೇಟು ಮುಟ್ಟಿದ ಕೈ ಮಾತ್ರ ಸೋಪು ಹಾಕಿ ತೊಳೆಯದೆ ಸಸಿಗೆ ತಾಗಬಾರದು. ಹೊಗೆಸೊಪ್ಪಿನಿಂದ ಟೊಮೆಟೊಗೆ ಎಲೆ ಮಚ್ಚೆಮಚ್ಚೆ ಮಾಡುವ ಮೊಸಾಯಿಕ್ ವೈರಸ್ ಬರುವ ಅಪಾಯವಿದೆ.

ಪ್ರಶ್ನೆ (ಮೈಸೂರು): ಸರ್, ನಾನು ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪಿಟ್‌ನಲ್ಲಿ ಹಾಕಿದ್ದೇನೆ. ಟೆರೇಸ್ ಮೇಲೆ ಬೆಳಕು ಚೆನ್ನಾಗಿದೆ. ಸಸಿ ಗಿಡ್ಡವಾಗೇ ಇದೆ, ಆದರೆ ಮೂರು ವಾರ ಆದರೂ ತಿಳಿ ಹಳದಿ. ಬೆಳವಣಿಗೆಯೇ ನಿಂತುಹೋಗಿದೆ.

ಉತ್ತರ: ಸರ್, ಕೋಕೋಪಿಟ್ ನೀರು ಹಿಡಿಯುತ್ತದೆ, ಬೇರಿಗೆ ಗಾಳಿ ಕೊಡುತ್ತದೆ. ಆಹಾರ ಕೊಡುವುದಿಲ್ಲ. ಬೀಜದೊಳಗೆ ಇದ್ದದ್ದು ಮುಗಿದ ಮೇಲೆ ಸಸಿ ಹಸಿದು ನಿಲ್ಲುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ 19:19:19 ಅನ್ನುವ ಪುಡಿ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ 1 ಗ್ರಾಂ ಕರಗಿಸಿ ವಾರಕ್ಕೊಮ್ಮೆ ಕೊಡಿ. ಅದಕ್ಕಿಂತ ಜಾಸ್ತಿ ಬೇಡ. ಮುಂದಿನ ಸಲ ಕೋಕೋಪಿಟ್ ಎರಡು ಪಾಲಿಗೆ ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಸೇರಿಸಿ. ಇಟ್ಟಿಗೆ ರೂಪದಲ್ಲಿ ಬರುವ ಕೋಕೋಪಿಟ್‌ನಲ್ಲಿ ಉಪ್ಪಿನ ಅಂಶ ಇರಬಹುದು. ನೆನೆಸಿ ಒಂದೆರಡು ಸಲ ತೊಳೆದು ಹಿಂಡಿಯೇ ಬಳಸಿ.

ಪ್ರಶ್ನೆ (ಟೊರೊಂಟೊ, ಕೆನಡಾ): ಸರ್, ನಾವು ಹಾಸನದವರು, ಈಗ ಇಲ್ಲಿದ್ದೇವೆ. ಫೆಬ್ರವರಿ ಶುರುವಿನಲ್ಲೇ ಬೇಸ್‌ಮೆಂಟಿನಲ್ಲಿ ಎಲ್‌ಇಡಿ ಟ್ಯೂಬ್ ಕೆಳಗೆ ಬೀಜ ಹಾಕಿದೆ. ಲೈಟು 24 ಗಂಟೆ ಉರಿಯುತ್ತದೆ. ಈಗ ಏಪ್ರಿಲ್, ಗಿಡ ಒಂದೂವರೆ ಅಡಿ ಆಗಿ ಹೂವು ಬಿಟ್ಟಿದೆ. ಎಲೆ ಅಲ್ಲಲ್ಲಿ ಹಳದಿ. ಹೊರಗೆ ಇನ್ನೂ ಚಳಿ.

ಉತ್ತರ: ಅಣ್ಣ, ಮೊದಲು ರಾತ್ರಿ ಲೈಟು ಆರಿಸಿ. ಟೊಮೆಟೊಗೆ ಕತ್ತಲೆಯೂ ಬೇಕು. ಬಿಡುವಿಲ್ಲದೆ ಬೆಳಕು ಬಿದ್ದರೆ ಎಲೆ ಹಳದಿಯಾಗುತ್ತದೆ. ದಿನಕ್ಕೆ 14ರಿಂದ 16 ಗಂಟೆ ಸಾಕು. ಟೈಮರ್ ಹಾಕಿಬಿಡಿ. ಹೊಸ ಸಸಿಗಾದರೆ ಟ್ಯೂಬು ತಲೆಯಿಂದ ಮೂರು ನಾಲ್ಕು ಇಂಚು ಮೇಲಿರಲಿ, ಸಸಿ ಬೆಳೆದಂತೆ ಎತ್ತುತ್ತಾ ಹೋಗಿ.

ನಿಮ್ಮ ಕಡೆ ವಿಕ್ಟೋರಿಯಾ ಡೇ ರಜೆ ಕಳೆದ ಮೇಲೆ ನಾಟಿ ಮಾಡುವುದು ರೂಢಿ. ಅದು ಮೇ 25ರ ಹಿಂದಿನ ಸೋಮವಾರ ಬರುತ್ತದೆ. ಅಲ್ಲಿಂದ ಆರರಿಂದ ಎಂಟು ವಾರ ಹಿಂದಕ್ಕೆ ಎಣಿಸಿದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಬೀಜ ಹಾಕುವ ಸಮಯ ಅದು. ಈಗ ಇರುವ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸಿ, ಕೆಳಗಿನ ಎಲೆ ಚಿವುಟಿ, ಅರ್ಧ ಕಾಂಡ ಹೂತುಬಿಡಿ. ಹೂವು ಕಿತ್ತುಹಾಕಿ. ಮನಸ್ಸು ಬರಲ್ಲ, ಗೊತ್ತು. ಆದರೆ ಈಗ ಅದರ ಶಕ್ತಿ ಬೇರಿಗೆ ಹೋಗಬೇಕು. ಜೊತೆಗೆ ಹೊಸದಾಗಿ ನಾಲ್ಕು ಬೀಜವನ್ನೂ ಹಾಕಿ. ಹೂವು ಬಂದ ಮುದಿ ಸಸಿಗಿಂತ ಐದಾರು ಎಲೆಯ ಗಟ್ಟಿ ಸಸಿ ಹೊಲದಲ್ಲಿ ಬೇಗ ಚಿಗುರಿಕೊಳ್ಳುತ್ತದೆ.

ಹೊರಗೆ ನೆಡುವ ಮುಂಚೆ ಏಳರಿಂದ ಹತ್ತು ದಿನ ಗಾಳಿ ಬಿಸಿಲಿಗೆ ರೂಢಿ ಮಾಡಿ. ಮೊದಲು ನೆರಳು, ಆಮೇಲೆ ಅರ್ಧ ಬಿಸಿಲು, ಆಮೇಲೆ ಪೂರ್ತಿ. ಅವಸರ ಮಾಡಿದರೆ ಎಲೆಯ ಮೇಲೆ ಬೆಳ್ಳಗೆ ಸುಟ್ಟ ಮಚ್ಚೆ ಬರುತ್ತದೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿದರೆ ಒಳಗೆ ತನ್ನಿ.

ಪ್ರಶ್ನೆ (ತುಮಕೂರು): ಅಂಗಡಿ ಹಣ್ಣಿನ ಬೀಜ ಹಾಕಿದರೆ ಆಗುತ್ತಾ? ಹೋದ ವರ್ಷ ಗಿಡ ಬಂತು, ಆದರೆ ಎಲೆ ಎಲ್ಲ ಮುದುಡಿ ಕಾಯಿ ನಿಲ್ಲಲಿಲ್ಲ.

ಉತ್ತರ: ಮೊಳೆಯುತ್ತದೆ. ಆದರೆ ಮಾರ್ಕೆಟ್ಟಿಗೆ ಬರುವ ಹಣ್ಣು ಹೆಚ್ಚಾಗಿ ಹೈಬ್ರಿಡ್. ಅದರ ಬೀಜದಿಂದ ತಾಯಿ ಗಿಡದಂಥದ್ದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಎಲೆ ಮುದುಡಿದ್ದು ವೈರಸ್ಸಿನಿಂದ ಇರಬೇಕು, ಬಿಳಿ ನೊಣ ಹರಡುತ್ತದೆ. ಬೇಸಿಗೆಯಲ್ಲಿ ಅದರ ಕಾಟ ಜಾಸ್ತಿ. ಸಸಿ ಎಳೆಯದಾಗಿರುವಾಗಲೇ ತಗುಲಿದರೆ ಫಸಲಿನ ಆಸೆ ಬಿಡಬೇಕು, ಅದಕ್ಕೇ ಸಸಿ ಹಂತದ ಬಲೆಗೆ ನಾನು ಅಷ್ಟು ಒತ್ತು ಕೊಡುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುಡು ವೈರಸ್, ದುಂಡಾಣುವಿನಿಂದ ಗಿಡ ಸೊರಗುವ ರೋಗ, ಎಲೆಗೆ ಚುಕ್ಕೆ ಬರುವ ಮೊದಲ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುತ್ತದೆ. ಅದು ಹೈಬ್ರಿಡ್, ಪ್ರತಿ ಸಲ ಬೀಜ ಕೊಳ್ಳಬೇಕು. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ತಗೊಳ್ಳಿ.

ಮತ್ತೆ ಬನಶಂಕರಿಯಿಂದ: ಸರ್, ದೊಡ್ಡ ಕುಂಡಕ್ಕೆ ಯಾವಾಗ ಬದಲಿಸಲಿ?

ಉತ್ತರ: ಬಿತ್ತಿ 25ರಿಂದ 30 ದಿನಕ್ಕೆ ಸಾಮಾನ್ಯವಾಗಿ ಸಸಿ ತಯಾರು. ನಿಮ್ಮದಕ್ಕೆ ಇನ್ನೊಂದು ವಾರ ಹೆಚ್ಚು ಕೊಡಿ. ಕಪ್ಪನ್ನು ಬೋರಲು ಮಾಡಿ ತಟ್ಟಿದರೆ ಮಣ್ಣು ಉದುರದೆ ಇಡೀ ಗಡ್ಡೆಯಾಗಿ ಬರಬೇಕು, ಸುತ್ತ ಬಿಳಿ ಬೇರು ಕಾಣಬೇಕು. ಬೇರು ಕಂದಾಗಿ ಸುತ್ತಿಕೊಂಡಿದ್ದರೆ ತಡವಾಗಿದೆ ಅಂತ. ಒಂದು ಗಿಡಕ್ಕೆ 15ರಿಂದ 20 ಲೀಟರ್ ಹಿಡಿಯುವ ಬ್ಯಾಗ್ ಬೇಕು. ಸಂಜೆ ನೆಡಿ, ಮೇಲಿನ ನಾಲ್ಕೈದು ಎಲೆ ಬಿಟ್ಟು ಉಳಿದ ಕಾಂಡ ಹೂತುಬಿಡಿ. ಕಸಿ ಮಾಡಿದ ಸಸಿ ತಂದಿದ್ದರೆ ಮಾತ್ರ ಹೂಳಬೇಡಿ, ಕಸಿ ಗಂಟು ಮಣ್ಣಿನ ಮೇಲೇ ಇರಬೇಕು. ಆಸರೆ ಕೋಲನ್ನು ನೆಡುವ ದಿನವೇ ಊರಿ, ಆಮೇಲೆ ಚುಚ್ಚಿದರೆ ಬೇರು ತುಂಡಾಗುತ್ತದೆ. ಮೊದಲ ಎರಡು ಮೂರು ದಿನ ಮಧ್ಯಾಹ್ನದ ಹೊತ್ತು ನೆರಳು ಮಾಡಿ. ಬದಲಿಸಿದ ದಿನ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.