ಪದಚರ್ಚೆ: ಬಿಲ್ಲಿನ ‘ತಪ್ಪು’ ಎಲ್ಲಿಯವರೆಗೆ ತಪ್ಪು, ಎಲ್ಲಿಂದ ವಂಚನೆ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನಗಳಿಂದ ಒಂದೇ ಪದ ನನ್ನನ್ನು ಕಾಡುತ್ತಿದೆ. ದೊಡ್ಡ ಪಾರಿಭಾಷಿಕ ಪದವೇನಲ್ಲ, ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ‘ತಪ್ಪು’.

ಅಮೆರಿಕದಲ್ಲಿ ವೈದ್ಯರಾಗಿರುವ ಪರಿಚಯದವರೊಬ್ಬರ ಮೇಲೆ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ಬಿಲ್ಲುಗಳ ವಿಷಯದಲ್ಲಿ ಕ್ರಿಮಿನಲ್ ಮೊಕದ್ದಮೆ ಹೂಡಿದ್ದಾರೆ. ಅವರ ತಾಯಿಗೆ ಇಂಗ್ಲಿಷ್ ಬಾರದು. ಆ ಕಾನೂನು ಏನು ಹೇಳುತ್ತದೆ, ಮಗ ತನ್ನ ಪರವಾಗಿ ಏನು ಹೇಳಿಕೊಳ್ಳಬಹುದು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಮನೆಯವರು ಕೇಳಿದರು. ಮೊದಲ ಪುಟದಲ್ಲೇ ನಾನು ಹೀಗೆ ಬರೆದೆ: “ಬಿಲ್ಲುಗಳಲ್ಲಿ ತಪ್ಪುಗಳಿರುವುದನ್ನು ವೈದ್ಯರು ಒಪ್ಪುತ್ತಾರೆ, ಆದರೆ ತಪ್ಪೊಪ್ಪಿಕೊಳ್ಳುವುದಿಲ್ಲ.” ಆ ತಾಯಿ ಎರಡು ಸಲ ಓದಿ, “ಒಪ್ಪಿಕೊಂಡನೋ ಇಲ್ಲವೋ, ಯಾವುದಾದರೂ ಒಂದು ಹೇಳಪ್ಪಾ” ಅಂದರು. ನನಗೆ ಮಾತು ಹೊರಡಲಿಲ್ಲ. ಅವರು ಓದಿದ್ದರಲ್ಲಿ ದೋಷವಿರಲಿಲ್ಲ, ನಾನು ಬರೆದ ವಾಕ್ಯದಲ್ಲಿತ್ತು.

ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ. ಇಲ್ಲೆಲ್ಲ ಜಾರಿಹೋಗುವುದು ಎಂಬಷ್ಟೇ ಅರ್ಥ, ಯಾರ ಮೇಲೂ ದೂರಿಲ್ಲ. ಅದೇ ಪದ ‘ಮಾತಿಗೆ ತಪ್ಪಿದ’ ಎಂದಾಗ ನಡತೆಯ ಮೇಲಿನ ತೀರ್ಪಾಗುತ್ತದೆ. ‘ತಪ್ಪುಗಾಣಿಕೆ’, ‘ತಪ್ಪಿತಸ್ಥ’, ‘ತಪ್ಪೊಪ್ಪಿಗೆ’ ಇವುಗಳಲ್ಲಿ ತಪ್ಪು ಎಂದರೆ ಅಪರಾಧವೇ. ಜಾರಿದ್ದಕ್ಕೂ ಅಪರಾಧಕ್ಕೂ ಒಂದೇ ಮಾತು ಸಾಕೆಂದು ನಮ್ಮ ನುಡಿ ಎಂದೋ ತೀರ್ಮಾನಿಸಿಬಿಟ್ಟಿದೆ. ಮನೆಯೊಳಗೆ ಅದರಿಂದ ತೊಂದರೆಯಿಲ್ಲ, ‘ತಪ್ಪಾಯ್ತು’ ಅಂದರೆ ಮುಗಿಯಿತು. ಆದರೆ ಬಿಲ್ಲಿನ ಮೊಕದ್ದಮೆಯಲ್ಲಿ ವೈದ್ಯರ ವಾದವೆಲ್ಲ ನಿಂತಿರುವುದು ಆ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ.

ಕಾನೂನು ಏನೆನ್ನುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಗಾಳಿಯಲ್ಲಿ ನಡೆಯುತ್ತದೆ. ಅಲ್ಲಿನ ಫೆಡರಲ್ ಕಾಯಿದೆಗಳ 18ನೇ ಶೀರ್ಷಿಕೆಯಲ್ಲಿ 1347ನೇ ಕಲಮು ಇದೆ. ಅದು 1996ರಲ್ಲಿ ಬಂತು. ಆರೋಗ್ಯ ವಿಮಾ ಯೋಜನೆಯಿಂದ, ಅದು ಸರ್ಕಾರದ್ದಿರಲಿ ಖಾಸಗಿಯದಿರಲಿ, ಮೋಸದಿಂದ ಹಣ ಪಡೆಯಲು ಹೂಟ ಹೂಡಿದವರಿಗೆ 10 ವರ್ಷದವರೆಗೆ ಸೆರೆವಾಸ. ಆ ಮೋಸದಿಂದ ಯಾರಿಗಾದರೂ ಗಂಭೀರ ದೈಹಿಕ ಹಾನಿಯಾಗಿದ್ದರೆ 20 ವರ್ಷದವರೆಗೆ, ಸಾವು ಸಂಭವಿಸಿದ್ದರೆ ಜೀವಾವಧಿಯವರೆಗೂ ಹೋಗಬಹುದು. (‘ಸಂಚು’ ಎನ್ನದೆ ‘ಹೂಟ’ ಎಂದಿದ್ದೇನೆ. ಸಂಚು ಅಂದೊಡನೆ ನಾಲ್ಕು ಜನ ಸೇರಿ ಮಾಡಿದ್ದು ಅನಿಸುತ್ತದೆ. ಒಳಸಂಚು ಅಲ್ಲಿ ಬೇರೆಯೇ ಅಪರಾಧ.) ಇಷ್ಟು ಶಿಕ್ಷೆ ತಗಲಬೇಕಾದರೆ ಆ ಕೆಲಸವನ್ನು ಒಂದು ಬಗೆಯ ಮನಸ್ಸಿನಿಂದ ಮಾಡಿರಬೇಕು. ಆ ಬಗೆಯನ್ನು ಹೇಳುವ ಜೋಡಿಪದಕ್ಕೆ ನಾನು ಮೊದಲು ‘ಬುದ್ಧಿಪೂರ್ವಕವಾಗಿ ಮತ್ತು ಉದ್ದೇಶಪೂರ್ವಕವಾಗಿ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ಎರಡೂ ಒಂದೇ ಥರ ಕೇಳುತ್ತವೆ, ಕಾನೂನಿನಲ್ಲಿ ಅವು ಎರಡು. ಈಗ ‘ಗೊತ್ತಿದ್ದೂ, ಬೇಕೆಂದೇ’ ಎಂದಿಟ್ಟಿದ್ದೇನೆ. ‘ಗೊತ್ತಿದ್ದೂ’ ತಿಳಿವಿನ ಮಾತು, ‘ಬೇಕೆಂದೇ’ ಸಂಕಲ್ಪದ ಮಾತು. ಓದು ಬಾರದವರಿಗೂ ಇವೆರಡರ ಅಂತರ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೊತ್ತಿರಬೇಕಾದದ್ದು ಏನು? 2010ರ ತಿದ್ದುಪಡಿಯ ಪ್ರಕಾರ ಈ ಕಲಮೇ ಗೊತ್ತಿರಬೇಕೆಂದಿಲ್ಲ, ಇದನ್ನೇ ಮುರಿಯುತ್ತೇನೆಂಬ ಉದ್ದೇಶವೂ ಬೇಕಿಲ್ಲ. ಹಾಗಾಗಿ ‘ಇಂಥ ಕಾನೂನಿದೆಯೆಂದು ನನಗೆ ಗೊತ್ತಿರಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ‘ಈ ಬಿಲ್ಲು ಸುಳ್ಳೆಂದು ನನಗೆ ಗೊತ್ತಿರಲಿಲ್ಲ’ ಎಂಬುದು ನಿಲ್ಲುತ್ತದೆ. ಕನ್ನಡದಲ್ಲಿ ‘ಗೊತ್ತಿಲ್ಲದೆ ಮಾಡಿದ’ ಎಂದಷ್ಟೇ ಬರೆದರೆ ಎರಡೂ ಕಲಸಿಹೋಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿ ವೈದ್ಯರು ಮಾಡಿದ ಪ್ರತಿ ಕೆಲಸಕ್ಕೂ ಐದಂಕಿಯ ಸಂಕೇತವಿದೆ. ಮೊದಲೇ ನೋಡಿರುವ ರೋಗಿ ಮತ್ತೆ ಬಂದರೆ 99213 ಅಥವಾ 99214 ಹಾಕುವುದು ಸಾಮಾನ್ಯ. ಸಮಯ ಹಿಡಿದು ಎಣಿಸಿದರೆ ಮೊದಲನೆಯದಕ್ಕೆ ಕನಿಷ್ಠ 20 ನಿಮಿಷ, ಎರಡನೆಯದಕ್ಕೆ 30. ಸಮಯ ಬಿಟ್ಟು, ನಿರ್ಧಾರ ಎಷ್ಟು ಜಟಿಲವಾಗಿತ್ತು ಎಂಬುದನ್ನು ನೋಡಿಯೂ ಸಂಕೇತ ಆರಿಸಬಹುದು. ಎರಡನೆಯದಕ್ಕೆ ಹೆಚ್ಚು ಹಣ ಬರುತ್ತದೆ. ಕೆಳಗಿನ ಸಂಕೇತಕ್ಕೆ ಸಲ್ಲುವ ಭೇಟಿಗೆ ಮೇಲಿನದನ್ನು ಹಾಕುವುದನ್ನು ಅಪ್‌ಕೋಡಿಂಗ್ ಎನ್ನುತ್ತಾರೆ. ಒಂದೇ ಗುಂಪಾಗಿ ಬಿಲ್ಲು ಮಾಡಬೇಕಾದ್ದನ್ನು ಬಿಡಿಬಿಡಿಯಾಗಿ ಮಾಡಿ ಹೆಚ್ಚು ಪಡೆಯುವುದು ಅನ್‌ಬಂಡ್ಲಿಂಗ್. ಇವಕ್ಕೆ ‘ಮೇಲ್ಸಂಕೇತ’, ‘ಬಿಡಿಬಿಲ್ಲು’ ಎಂದು ಹೊಸೆದು ನೋಡಿದೆ. ಮೊದಲನೆಯದು ಹಿಡಿಸಲಿಲ್ಲ, ಎರಡನೆಯದನ್ನು ಇಟ್ಟುಕೊಂಡಿದ್ದೇನೆ.

ಈಗ ಒಂದು ಸಂಜೆ ಒಬ್ಬ ರೋಗಿಗೆ 99213ರ ಬದಲು 99214 ಬಿದ್ದಿದೆ ಅನ್ನಿ. ಅದು ತಪ್ಪು ಬಿಲ್ಲು. ಮೂರು ವರ್ಷ, ಬಂದ ರೋಗಿಗಳಿಗೆಲ್ಲ 99214 ಮಾತ್ರ. ದಿನಕ್ಕೆ 24 ಗಂಟೆಗೂ ಮೀರಿದ ಕೆಲಸ ಲೆಕ್ಕದಲ್ಲಿ. ತನಿಖೆಯವರು ಕಡತ ಕೇಳಿದ ಮೇಲೆ ಟಿಪ್ಪಣಿ ತಿದ್ದಿದ್ದಾರೆ ಎಂದಾದರೆ ಅದನ್ನು ಯಾರೂ ತಪ್ಪು ಬಿಲ್ಲು ಎನ್ನರು, ಕಳ್ಳಬಿಲ್ಲು ಎನ್ನುತ್ತಾರೆ. ನಡುವೆ ‘ಸುಳ್ಳು ಬಿಲ್ಲು’ ಒಂದಿದೆ, ತೊಡಕಿರುವುದು ಅಲ್ಲೇ. ‘ಆ ಸುದ್ದಿ ಸುಳ್ಳು’ ಎಂದಾಗ ಹೇಳಿದವನು ಸುಳ್ಳನೆಂದು ಅರ್ಥವಲ್ಲ. ಆದರೆ ‘ಸುಳ್ಳು ಬಿಲ್ಲು ಕೊಟ್ಟ’ ಎಂದರೆ ಕೊಟ್ಟವನು ಸುಳ್ಳುಗಾರನಾಗಿಬಿಡುತ್ತಾನೆ. ಬಿಲ್ಲಿನಲ್ಲಿರುವುದು ನಿಜವಲ್ಲ ಎಂಬುದನ್ನು ಸರ್ಕಾರ ಮೊದಲು ತೋರಿಸಬೇಕು, ಬರೆದವರಿಗೆ ಅದು ಗೊತ್ತಿತ್ತೆಂಬುದನ್ನು ಆಮೇಲೆ ಬೇರೆಯಾಗಿ ತೋರಿಸಬೇಕು. ‘ಸುಳ್ಳು ಬಿಲ್ಲು’ ಎಂಬ ಎರಡು ಪದದಲ್ಲಿ ನಾವು ಎರಡನ್ನೂ ಒಟ್ಟಿಗೇ ರುಜುವಾತು ಮಾಡಿ ಮುಗಿಸಿರುತ್ತೇವೆ. ಹೀಗಾಗಿ ‘ನಿಜವಲ್ಲದ ಬಿಲ್ಲು’ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ.

ಕನ್ನಡವೇ ಕೈಹಿಡಿದ ಕಡೆಗಳೂ ಇವೆ. ‘ತಪ್ಪು’ ಕೈಕೊಟ್ಟಲ್ಲಿ ‘ಆಗು’, ‘ಮಾಡು’ ಎಂಬ ಕ್ರಿಯಾಪದಗಳು ಕಾಪಾಡುತ್ತವೆ. ‘ಬಿಲ್ಲಿನಲ್ಲಿ ತಪ್ಪಾಗಿದೆ’, ‘ಬಿಲ್ಲಿನಲ್ಲಿ ತಪ್ಪು ಮಾಡಿದ್ದಾರೆ’. ನಾಮಪದ ಒಂದೇ, ಮನಸ್ಸಿನ ಭಾರ ಹೊತ್ತಿರುವುದು ಕ್ರಿಯಾಪದ. ಇಡೀ ಬರಹದಲ್ಲಿ ವೈದ್ಯರ ಮಾತು ಬಂದಲ್ಲೆಲ್ಲ ‘ಆಗು’, ಸರ್ಕಾರದ ಮಾತು ಬಂದಲ್ಲೆಲ್ಲ ‘ಮಾಡು’ ಎಂಬ ಕಟ್ಟುಪಾಡು ಹಾಕಿಕೊಂಡೆ. ಆ ತಾಯಿಗೆ ತಕ್ಷಣ ಅರ್ಥವಾಯಿತು.

ಇನ್ನೊಂದು ‘ಜಾಣಕುರುಡು’. ನಿಜ ಹೀಗಿರಬಹುದೆಂಬ ಬಲವಾದ ಅನುಮಾನವಿದ್ದೂ, ತಿಳಿದುಬಿಟ್ಟೀತೆಂದು ಬೇಕೆಂದೇ ಆ ಕಡೆ ನೋಡದಿರುವುದನ್ನು ಅಲ್ಲಿನ ನ್ಯಾಯಾಲಯಗಳು ತಿಳಿದಿರುವುದಕ್ಕೆ ಸಮವೆಂದೇ ಎಣಿಸುತ್ತವೆ. ಬಿಲ್ಲು ಮಾಡುವವರು ಬೇರೆ, ಸಹಿ ಮಾತ್ರ ನನ್ನದು ಎಂಬ ವಾದ ಕುಸಿಯುವುದು ಇಲ್ಲೇ. ಬರಿಯ ಉದಾಸೀನ, ಗಮನಗೇಡಿತನ ಇದ್ದರೆ ಈ ಕ್ರಿಮಿನಲ್ ಕಲಮಿಗೆ ಸಾಲದು, ಜಾಣಕುರುಡು ಸಾಕು. ಇಂಗ್ಲಿಷಿನವರು ಎರಡು ಪದ ಜೋಡಿಸಿ, ಅದಕ್ಕೆ ವ್ಯಾಖ್ಯಾನ ಬರೆದು ಹೇಳುವುದನ್ನು ನಮ್ಮ ಅಜ್ಜಿಯರು ಒಂದೇ ಮಾತಿನಲ್ಲಿ ಹೇಳಿಟ್ಟಿದ್ದಾರೆ. ಇದನ್ನು ಕಾನೂನು ಬರಹಗಳಲ್ಲಿ ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಿ. ಬಳಸಿರದಿದ್ದರೆ ಇನ್ನು ಮುಂದಾದರೂ ಬಳಸೋಣ.

‘ಡಿಫೆನ್ಸ್’ಗೆ ‘ಸಮರ್ಥನೆ’ ಬೇಡವೆಂದು ನನ್ನ ಖಚಿತ ಅಭಿಪ್ರಾಯ. ‘ವಂಚನೆ ಆರೋಪಕ್ಕೆ ವೈದ್ಯರ ಸಮರ್ಥನೆ’ ಎಂದು ತಲೆಬರಹ ಕೊಟ್ಟರೆ, ಮೋಸ ಮಾಡಿ ಅದನ್ನೇ ಸಮರ್ಥಿಸಿಕೊಳ್ಳುತ್ತಿದ್ದಾರೆ ಎಂದು ಓದುಗರು ತಿಳಿಯುತ್ತಾರೆ. ‘ಪ್ರತಿವಾದ’ ಸರಿ. ‘ಆರೋಪ’ ಪದವಂತೂ ನನಗೆ ಬಹಳ ಇಷ್ಟವಾಯಿತು. ಅಲಂಕಾರಶಾಸ್ತ್ರದಲ್ಲಿ ರೂಪಕವನ್ನು ವಿವರಿಸುವಾಗ ಉಪಮೇಯದ ಮೇಲೆ ಉಪಮಾನದ ಆರೋಪ ಎನ್ನುತ್ತಾರಲ್ಲ, ಮುಖದ ಮೇಲೆ ಚಂದ್ರನನ್ನು ತಂದಿಟ್ಟ ಹಾಗೆ. ಮುಖ ಚಂದ್ರನಾಗುವುದಿಲ್ಲ. ಕನ್ನಡದಲ್ಲಿ ಅದರ ಜೊತೆ ಬರುವ ಕ್ರಿಯಾಪದವೂ ‘ಹೊರಿಸು’. ಹೊರಿಸಿದವರೇ ಅದನ್ನು ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕು, ಜ್ಯೂರಿಯಲ್ಲಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ತಂಡ) ಹನ್ನೆರಡು ಮಂದಿಯೂ ಒಮ್ಮತದಿಂದ ಒಪ್ಪಬೇಕು. ಅದಕ್ಕೆ ಹೋಲಿಸಿದರೆ ‘ದೋಷಾರೋಪ’ ನನಗೆ ಕಿರಿಕಿರಿ, ದೋಷ ಮೊದಲೇ ಬಂದು ಕೂತಿರುತ್ತದೆ. ಅಲ್ಲಿ ಗ್ರ್ಯಾಂಡ್ ಜ್ಯೂರಿ (ವಿಚಾರಣೆಗೆ ಮುಂಚೆ ಕೂರುವ, ನಾಗರಿಕರದೇ ಬೇರೊಂದು ತಂಡ) ಆರೋಪ ಹೊರಿಸುವುದು ವಿಚಾರಣೆ ನಡೆಸಲು ಸಾಕಷ್ಟು ಕಾರಣವಿದೆಯೇ ಎಂದು ನೋಡಿಯಷ್ಟೇ. ಆ ಕೋಣೆಯೊಳಗೆ ಆರೋಪಿಯ ವಕೀಲರಿಗೆ ಪ್ರವೇಶವಿಲ್ಲ.

‘ವಂಚನೆ’ಯ ಬಗ್ಗೆ ಒಂದೇ ಮಾತು. ನಿಜವಲ್ಲದ ಬಿಲ್ಲು ಕೊಟ್ಟು ಸರ್ಕಾರದಿಂದ ಹಣ ಪಡೆಯುವುದರ ಬಗ್ಗೆ 1863ರಿಂದ ಇರುವ ಫಾಲ್ಸ್ ಕ್ಲೇಮ್ಸ್ ಆಕ್ಟ್ ಸಿವಿಲ್ ಕಾನೂನು. ಅಲ್ಲಿ ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು ಕಟ್ಟಬೇಕಾಗಬಹುದು, ಸೆರೆಮನೆ ಇಲ್ಲ, ನಿಜವೋ ಅಲ್ಲವೋ ಎಂದು ಲೆಕ್ಕಿಸದೆ ಮಾಡಿದರೂ ಸಿಕ್ಕಿಬೀಳುತ್ತಾರೆ. ಇದನ್ನೂ ಮೇಲೆ ಹೇಳಿದ ಕ್ರಿಮಿನಲ್ ಕಲಮನ್ನೂ ‘ವಂಚನೆ ಕೇಸು’ ಎಂದೇ ಬರೆಯುವುದರಿಂದ ಮನೆಯವರು ವಿನಾಕಾರಣ ಹೆದರುತ್ತಾರೆ, ಇಲ್ಲವೇ ಹೆದರಬೇಕಾದಲ್ಲಿ ಹೆದರುವುದಿಲ್ಲ. ಸಿವಿಲ್‌ನದಕ್ಕೆ ‘ದಾವೆ’, ಕ್ರಿಮಿನಲ್‌ನದಕ್ಕೆ ‘ಮೊಕದ್ದಮೆ’ ಎಂದು ಬೇರ್ಪಡಿಸಿದ್ದೇನೆ.

ಇನ್ನು ‘ಗುಡ್ ಫೇತ್’. ಕಾಯಿದೆಗಳ ಕನ್ನಡದಲ್ಲಿ ‘ಸದ್ಭಾವನೆ’ ಬಳಕೆಯಲ್ಲಿದೆ, ಆದರೆ ಓದುವವರಿಗೆ ಅದು ಸೌಹಾರ್ದದ ಅರ್ಥವನ್ನೇ ಕೊಡುತ್ತದೆ. ವೈದ್ಯರಿಗೆ ವಿಮಾ ಯೋಜನೆಯ ಮೇಲೆ ಸೌಹಾರ್ದ ಇತ್ತೇ ಎಂಬುದಲ್ಲ ಪ್ರಶ್ನೆ. ‘ಸರಿಯೆಂದೇ ನಂಬಿ ಮಾಡಿದ್ದು’ ಎಂದು ಬಿಡಿಸಿ ಬರೆದೆ. ಔಷಧಿ ಬಿಲ್ಲುಗಳ ಒಂದು ಸಿವಿಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ: ಬಿಲ್ಲು ಕೊಡುವಾಗ ಆ ವ್ಯಕ್ತಿ ನಿಜವಾಗಿ ಏನು ನಂಬಿದ್ದ ಎಂಬುದು ಮುಖ್ಯ, ಆಮೇಲೆ ವಕೀಲರು ಹುಡುಕಿಕೊಡುವ ವ್ಯಾಖ್ಯಾನವಲ್ಲ.

ನನ್ನ ಮೊದಲ ವಾಕ್ಯ ಈಗ ಹೀಗಾಗಿದೆ: “ಬಿಲ್ಲುಗಳಲ್ಲಿ ತಪ್ಪಾಗಿರುವುದನ್ನು ವೈದ್ಯರು ಅಲ್ಲಗಳೆಯುವುದಿಲ್ಲ, ಅಪರಾಧದ ಆರೋಪವನ್ನು ಒಪ್ಪುವುದಿಲ್ಲ.” ‘ತಪ್ಪೊಪ್ಪಿಗೆ’ ಬಂದ ಕಡೆಯೆಲ್ಲ ‘ಅಪರಾಧ ಒಪ್ಪಿಗೆ’ ಮಾಡಿದ್ದೇನೆ. ಕಿವಿಗೆ ಒರಟು, ಆದರೂ ಇರಲಿ.

ಬಗೆಹರಿಯದೆ ಉಳಿದದ್ದು ಇದು. ಬಿಲ್ಲಿನ ತಪ್ಪುಗಳಲ್ಲಿ ಎರಡು ಜಾತಿ. ಒಂದು, ಅಂಕಿ ಅದಲುಬದಲಾಗುವುದು, ಸಾಲು ಬಿಟ್ಟುಹೋಗುವುದು. ಅದಕ್ಕೆ ‘ಕಣ್ತಪ್ಪು’, ‘ಕೈತಪ್ಪು’ ಇವೆ, ಚಿನ್ನದಂಥ ಪದಗಳು. ಇನ್ನೊಂದರಲ್ಲಿ ಕಣ್ಣೂ ತಪ್ಪಿಲ್ಲ, ಕೈಯೂ ತಪ್ಪಿಲ್ಲ. ನಿಯಮ ಮಸುಕಾಗಿತ್ತು, ವೈದ್ಯರು ಯೋಚಿಸಿಯೇ ಒಂದು ಬಗೆಯಲ್ಲಿ ಅರ್ಥ ಮಾಡಿಕೊಂಡರು, ಲೆಕ್ಕ ತಪಾಸಣೆಯವರು ಇನ್ನೊಂದು ಬಗೆಯಲ್ಲಿ ಮಾಡಿಕೊಂಡರು. ಅದೇ ಕಡತ ಕೊಟ್ಟರೆ ಇಬ್ಬರು ಪರಿಣತರು ಎರಡು ಸಂಕೇತ ಹಾಕುವುದುಂಟು. ‘ಅಭಿಪ್ರಾಯಭೇದ’ ಎಂದರೆ ಜಗಳದ ವಾಸನೆ, ‘ತಪ್ಪು ತಿಳಿವಳಿಕೆ’ ಎಂದರೆ ಮತ್ತೆ ಅದೇ ‘ತಪ್ಪು’, ‘ಪ್ರಮಾದ’ ಈಗ ಕನ್ನಡದಲ್ಲಿ ದೊಡ್ಡ ಅನಾಹುತದ ಪದವಾಗಿದೆ. ಯೋಚಿಸಿ, ಸರಿಯೆಂದು ನಂಬಿ ಹೇಳಿದ್ದು ಆಮೇಲೆ ಸರಿಯಲ್ಲವೆಂದು ತೀರ್ಮಾನವಾಗುವುದಕ್ಕೆ ಅಂಕ ಕೊಡುವ ಮೇಷ್ಟರುಗಳಲ್ಲಿ, ಪಂಚಾಯಿತಿಯ ಹಿರಿಯರಲ್ಲಿ, ಜಮೀನು ಅಳೆಯುವವರಲ್ಲಿ ಏನಾದರೂ ಮಾತಿದೆಯೇ? ನಿಮ್ಮ ನಿಮ್ಮ ಕಡೆಯ ಬಳಕೆ ಇದ್ದರೆ, ಅದು ಬರುವ ಇಡೀ ವಾಕ್ಯದೊಂದಿಗೆ ತಿಳಿಸಿ. ಎರಡನೆಯ ಪುಟವನ್ನು ಆ ತಾಯಿಗೆ ಇನ್ನೂ ಕೊಟ್ಟಿಲ್ಲ.